ಹಗೇವಿನ ಮೇಲಿನ ಅಂಗಳ

ಅಂಗಳಕ್ಕೆ ಸುಣ್ಣದ ಗೆರೆ ಬಿದ್ದ ದಿನದಿಂದ ಕಲ್ಯಾಣಮ್ಮನಿಗೆ ಅಲ್ಲಿ ಕಾಲಿಡಲು ಹೆದರಿಕೆ. ಗೆರೆ ಎಳೆದವನು ಅಂಗಳಕ್ಕೆ ಸಿಮೆಂಟು ಹಾಕಲು ಸೊಲ್ಲಾಪುರದಿಂದ ಬಂದ ಗವಂಡಿ ನಾಗಪ್ಪ. ತಲಬಾಗಿಲಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ದನದ ಕೊಟ್ಟಿಗೆಗೆ ಗೆರೆ ಎಳೆದು, ನಡುವೆ ನಿಂತು ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದ್ದ. ಎಲ್ಲ ಕಡೆ ಗಟ್ಟಿ ಸದ್ದು. ಒಂದು ಕಡೆ ಮಾತ್ರ ನೆಲದೊಳಗೆ ಯಾರೋ ಕೆಮ್ಮಿದಂತೆ ಕೇಳಿತು.

"ಇಲ್ಲೇನದರಿ ಗೌಡ್ರ?" ಎಂದು ಕೇಳಿದ ನಾಗಪ್ಪ.

"ಹಗೇವು," ಎಂದ ಕಲ್ಯಾಣಮ್ಮನ ಗಂಡ, ಮನೆಯ ಯಜಮಾನ ಬಂಡೆಪ್ಪ. "ನಮ್ಮಪ್ಪ ತುಂಬಿಸಿದ್ದು. ಅದರಾಗಿನ ಜೋಳದ ಮ್ಯಾಲೇ ನಿನ್ನ ಪಗಾರ ನಿಂತದ. ಜ್ವಾಕಿಲೆ ಗುದ್ದಪ್ಪ."

ಅಕ್ಕಲಕೋಟದ ಸೀಮೆಯ ದೊಡ್ಡ ಒಕ್ಕಲು ಮನೆಗಳಲ್ಲಿ ಜೋಳ ಇಡುವುದು ಅಂಗಳದ ನೆಲದೊಳಗೆ. ಎರಡಾಳು ಆಳದ ಗುಂಡಿ ತೋಡಿ, ಸುತ್ತಲೂ ಹುಲ್ಲು ಒತ್ತಿ, ಕಾಳು ಸುರಿದು, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಅದಕ್ಕೊಂದು ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಈ ಹಗೇವನ್ನು ಮುಚ್ಚಿದ ವರ್ಷವೇ ಬಂಡೆಪ್ಪನ ತಂದೆ ಶಿವನ ಪಾದ ಸೇರಿದ. ಆಮೇಲೆ ಬೆಳೆಗಳು ಕೈಬಿಡಲಿಲ್ಲ. ಅದನ್ನು ತೆರೆಯುವ ಪ್ರಸಂಗವೂ ಬರಲಿಲ್ಲ.

ಸಿಮೆಂಟಿನ ಅಂಗಳದ ಆಸೆ ಹುಟ್ಟಿದ್ದು ಸೊಲ್ಲಾಪುರದ ಭಾವನ ಮನೆಯಲ್ಲಿ. ಮಳೆ ನಿಂತು ಒಂದು ಗಳಿಗೆ ಆಗಿರಲಿಲ್ಲ, ಅಷ್ಟರಲ್ಲೇ ಅಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಬಂಡೆಪ್ಪ ಅದರ ಮೇಲೆ ಬರಿಗಾಲಲ್ಲಿ ಹೋಗಿ ಬಂದು ಮಾಡಿದ. ಅಂಗಾಲಿಗೆ ಒಂದು ಚೂರು ಮಣ್ಣು ಹತ್ತಲಿಲ್ಲ. ತನ್ನ ಮನೆಯ ಅಂಗಳವೋ ಎರೆಮಣ್ಣಿನದು. ಹಿಂದಿನ ಮಳೆಗಾಲದಲ್ಲಿ ತಾಯಿ ಗಂಗುಬಾಯಿ ಅದರಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡು ಪಡಸಾಲೆಯ ಪಾಲಾಗಿದ್ದಳು. ಆಸೆಗೆ ಈ ನೋವೂ ಕೂಡಿಕೊಂಡಿತು.

ಖರ್ಚಿನ ಲೆಕ್ಕ ಪಡಸಾಲೆಯಲ್ಲೇ ಆಯಿತು. ಬಂಡೆಪ್ಪ, ಅವನ ತಮ್ಮ ಅಮೃತಪ್ಪ, ನಾಗಪ್ಪ, ಮೂವರೂ ಎಲೆಅಡಿಕೆ ಮುಂದಿಟ್ಟುಕೊಂಡು ಜೋಳದ ಕಾಳುಗಳನ್ನೇ ರೂಪಾಯಿ ಮಾಡಿ ಗುಂಪು ಹಾಕಿದರು. ಸಿಮೆಂಟಿನ ಚೀಲಗಳಿಗೊಂದು ಗುಂಪು, ಅಕ್ಕಲಕೋಟ ರೋಡ್ ಸ್ಟೇಶನ್ನಿನಿಂದ ಗಾಡಿಬಾಡಿಗೆಗೊಂದು, ಖಡಿ ಕಲ್ಲು ಒಡೆಯುವವರಿಗೊಂದು, ಗವಂಡಿಗೊಂದು. ಉಸುಕು ಹಳ್ಳದ್ದು, ಪುಕ್ಕಟೆ. ಕೈಯಲ್ಲಿದ್ದ ದುಡ್ಡು ಸಿಮೆಂಟಿಗೂ ಬಾಡಿಗೆಗೂ ಸರಿಹೋಯಿತು. ಉಳಿದ ಎರಡು ಗುಂಪಿನ ದುಡ್ಡು ಹಗೇವಿನಿಂದ ಬರಬೇಕಿತ್ತು.

"ಹಗೇವು ತೆಗಿಯೋ ಆಳು ಹಚ್ಚೋಣು ಅಣ್ಣಾ," ಎಂದ ಅಮೃತಪ್ಪ.

"ಅವರಿಗೊಂದು ಗುಂಪು ಎಲ್ಲಿಂದ ತರಲಿ? ಮೊದಲ ನಾನೇ ಇಳಿದು ಕಾಳು ಹೆಂಗದಾವ ನೋಡ್ತೀನಿ. ಹುಳ ಹಿಡಿದಿದ್ರ ಮೂರು ಇಂಚು ದಪ್ಪನ ಅಂಗಳ, ಛಲೋ ಇದ್ರ ನಾಲ್ಕು ಇಂಚಿಂದು."

ಬಾಗಿಲ ಹಿಂದೆ ನಿಂತಿದ್ದ ಕಲ್ಯಾಣಮ್ಮ ಕೈಯೊಳಗಿನ ತಟ್ಟೆಯನ್ನು ಕೆಳಗಿಟ್ಟಳು. ಈ ಮನೆ ತುಂಬಿದಾಗಿನಿಂದ ಅವಳು ಕೇಳುತ್ತ ಬಂದ ಮಾತು ಒಂದೇ: ಹಗೇವಿನೊಳಗೆ ಝಳ ಇರುತ್ತದೆ, ಅದು ಮನುಷ್ಯನನ್ನು ಕೂಗಲೂ ಬಿಡುವುದಿಲ್ಲ. ಝಳವೆಂದರೆ ಏನು, ಯಾವಾಗ ಇರುತ್ತದೆ, ಹೇಗೆ ಹೋಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹಗೇವು ತೆಗೆಯುವ ದಿನ ಹೆಂಗಸರು ಒಳಗೇ ಇರಬೇಕಾಗಿತ್ತು.

"ಕೇಳಿದ್ರೇನ್ರಿ," ಎಂದಳು, ಗಂಡ ಒಳಗೆ ಬಂದಾಗ. "ನೀವು ಇಳೀಬ್ಯಾಡ್ರಿ. ನನ್ನ ಕೈಯಾಗಿನ ಬಂಗಾರದ ಬಿಲ್ವಾರ ಮಾರಿ ಆಳು ಹಚ್ಚರಿ."

"ನೋಡವಾ, ಇನ್ನೂ ಅಂಗಳ ಆಗಿಲ್ಲ, ಇಕಿ ಬಿಲ್ವಾರ ಕಳಚಾಕತ್ತಾಳ," ಎಂದು ತಾಯಿಗೆ ಕೇಳುವಂತೆ ನಕ್ಕ ಬಂಡೆಪ್ಪ. "ನಮ್ಮಪ್ಪ ಇಳೀತಿದ್ದ, ನಾ ಇಳೀಬಾರದೇನು?"

ಮರುದಿನ ಮುಂಜಾನೆ ಪಡುವಣದಲ್ಲಿ ಮೋಡ ಕಟ್ಟಿತ್ತು. ನಾಗಪ್ಪ ಚೀಲಗಳ ಮೇಲೆ ಕೈಯಾಡಿಸಿ, "ಸಿಮೆಂಟಿಗೆ ಥಂಡಿ ಬಡೀತಂದ್ರ ಚೀಲದಾಗೇ ಕಲ್ಲಾಗ್ತದರಿ. ಆಮ್ಯಾಲೆ ಅಂಗಳದಾಗ ಚೀಲಾನೇ ಹಾಸಬೇಕಾಗ್ತದ," ಎಂದ. ಬಂಡೆಪ್ಪನಿಗೆ ಅಷ್ಟೇ ಸಾಕಾಯಿತು. ಮಣ್ಣು ಕೆದರಿದರು. ಮೂವರೂ ಕೂಡಿ ಕಲ್ಲು ಸರಿಸಿದರು. ಕಪ್ಪಗೆ ದುಂಡಗೆ ಬಾಯಿ ತೆರೆದುಕೊಂಡಿತು. ಅದರಿಂದ ಬೆಚ್ಚನೆಯ, ಹುಳಿತ ಹಿಟ್ಟಿನಂಥ ವಾಸನೆ ಎದ್ದು ಅಂಗಳ ತುಂಬಿತು. ಕೊಟ್ಟಿಗೆಯ ಎತ್ತು ಮುಖ ತಿರುಗಿಸಿತು.

ಗಂಗುಬಾಯಿ ಪಡಸಾಲೆಯಿಂದಲೇ ಕೂಗಿದಳು: "ಬಂಡ್ಯಾ, ಮೊದಲ ದೀಪ ಇಳಸು! ನಿಮ್ಮಪ್ಪ ದೀಪ ಇಳಸಿ ಭೂಮಿತಾಯಿಗಿ ಆರತಿ ಮಾಡದ ಹಗೇವಿನಾಗ ಕಾಲಿಟ್ಟಾಂವ ಅಲ್ಲ."

ಅದು ಮನೆತನದ ಪದ್ಧತಿ. ಮಾವ ಹಣತೆ ಹಚ್ಚಿ, ದಾರ ಕಟ್ಟಿ ಹಗೇವಿನೊಳಗೆ ಬಿಟ್ಟು, ಮೇಲೆಳೆದು, ಅಲ್ಲೇ ಬದಿಗೆ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದನಂತೆ. ಕೆಲವು ಸಲ ಹೊತ್ತು ಇಳಿಯುವವರೆಗೂ ಕೂತಿರುತ್ತಿದ್ದನಂತೆ. ಎಂಥ ಭಕ್ತಿ ಎಂದು ಒಳಗಿನ ಹೆಂಗಸರು ಬೆರಗಾಗುತ್ತಿದ್ದರು.

ಕಲ್ಯಾಣಮ್ಮ ದೇವರ ಮುಂದಿನ ಹಣತೆಯನ್ನೇ ತಂದುಕೊಟ್ಟು, ಪದ್ಧತಿ ಮೀರಿ ಒಳಗೆ ಹೋಗದೆ ಅಲ್ಲೇ ನಿಂತಳು. ಬಂಡೆಪ್ಪ ದಾರ ಕಟ್ಟಿ, "ಸಿದ್ಧರಾಮಾ" ಎಂದು ಇಳಿಬಿಟ್ಟ. ಬೆಳಕು ಹುಲ್ಲಿನ ಅಂಚನ್ನು ತೋರಿಸುತ್ತ ಕೆಳಗೆ ಹೋಯಿತು. ಅರ್ಧ ಮಾರು ಇಳಿದಿರಬೇಕು, ಚಿವುಟಿ ಹಾಕಿದಂತೆ ಆರಿತು.

ಕಲ್ಯಾಣಮ್ಮನ ಹಿಂದೆ ಬಂದು ನಿಂತಿದ್ದ ಅಮೃತಪ್ಪನ ಹೆಂಡತಿ ದ್ರೌಪದಿ ಬಾಯಿಗೆ ಸೆರಗು ಹಿಡಿದು, "ಅಕ್ಕಾ, ದೀಪ ಶಾಂತ ಆತಲ್ಲ!" ಎಂದಳು.

ಗಂಗುಬಾಯಿ ಕೂತಲ್ಲೇ ಕೈಮುಗಿದಳು. "ತಾಯಿ ಮುನಿದಾಳ. ಇಷ್ಟ ವರ್ಷ ಮುಚ್ಚಿಟ್ಟಿದ್ದಕ್ಕ ಮುನಿದಾಳ. ಕಾಯಿ ಒಡೀರಿ, ತಪ್ಪಾತು ಅನ್ರಿ."

ಕಾಯಿ ಒಡೆದರು. ವಿಭೂತಿ ಹಚ್ಚಿದರು. ಎಲ್ಲರೂ ಮಣ್ಣಿಗೆ ಹಣೆ ಮುಟ್ಟಿಸಿದರು. ಆ ಕ್ಷಣದಲ್ಲಿ ಅಂಗಳದಲ್ಲಿದ್ದವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಭೂಮಿತಾಯಿ ಒಂದು ಮಾತು ಹೇಳಿದ್ದಳು. ಅದನ್ನು ಸಿಟ್ಟು ಎಂದು ತಿಳಿದು ಇವರು ಸಮಾಧಾನ ಮಾಡುತ್ತಿದ್ದರು. ಆರಿದ ಹಣತೆಯನ್ನು ಮತ್ತೆ ಹಚ್ಚಿ ಹಗೇವಿನ ಅಂಚಿನಲ್ಲಿಟ್ಟಾಗ ಅದು ನೆಟ್ಟಗೆ ಉರಿಯಿತು. ಗಂಗುಬಾಯಿಗೆ ಸಮಾಧಾನವಾಯಿತು. ಕಲ್ಯಾಣಮ್ಮನಿಗೆ ಆಗಲಿಲ್ಲ. ಅವಳು ಅಮೃತಪ್ಪನ ಕಡೆ ತಿರುಗಿ, "ನಡಕ್ಕ ಹಗ್ಗರೆ ಕಟ್ಟರಿ ಅವರಿಗಿ," ಎಂದಳು.

"ಹಗ್ಗ ಕಟ್ಟಿ ಬಿಡಾಕ ನಾ ಏನ ಕೊಡಾ ಏನು?" ಎಂದು ಬಂಡೆಪ್ಪ ಅಂಚಿಗೆ ಕೈಯೂರಿ ಒಳಗೆ ಕಾಲು ಬಿಟ್ಟ. ಕಾಳು ಅರ್ಧಕ್ಕಿಂತ ಮೇಲೆಯೇ ಇತ್ತು. ಅವನು ಅದರ ಮೇಲೆ ನಿಂತಾಗ ತಲೆಯ ರುಮಾಲು ಮಾತ್ರ ಬಾಯಿಯೊಳಗೆ ಕಾಣುತ್ತಿತ್ತು. ಆಮೇಲೆ ಅವನು ಬಾಗಿದ. ರುಮಾಲೂ ಕಾಣದಾಯಿತು.

"ತಮ್ಮಾ," ಒಳಗಿನಿಂದ ಧ್ವನಿ ಬಂತು, "ಕಾಳು ಮುತ್ತಿನಂಗ ಅದಾವೋ! ನಾಲ್ಕು ಇಂಚಿಂದೇ..."

ಮಾತು ಅಲ್ಲೇ ನಿಂತಿತು.

"ಅಣ್ಣಾ?"

ಕಾಳು ಸರಿದ ಸದ್ದು ಕೇಳಿತು, ಮೊರದಲ್ಲಿ ಜೋಳ ಹೊರಳಿಸಿದಷ್ಟೇ ಮೆಲ್ಲಗೆ. ಮತ್ತೆ ಏನೂ ಇಲ್ಲ.

"ಅಣ್ಣಾ! ಚ್ಯಾಷ್ಟಿ ಮಾಡಬ್ಯಾಡೋ!"

ಅಮೃತಪ್ಪ ಅಂಗಿ ಬಿಚ್ಚಿ ಒಗೆದ. ಅವನು ಅಂಚಿಗೆ ಕೂತು ಕಾಲು ಇಳಿಬಿಡುವಷ್ಟರಲ್ಲಿ ಕಾಲು ತಾಗಿ ಹಣತೆ ಉರುಳಿ ಒಳಗೆ ಬಿತ್ತು. ಕಲ್ಯಾಣಮ್ಮನ ಕಣ್ಣು ಅದರ ಹಿಂದೆಯೇ ಹೋಯಿತು. ಬಾಯಿಯಲ್ಲಿ ಉರಿಯುತ್ತಿದ್ದ ಬೆಳಕು, ಮೊದಲು ಆರಿದ ಜಾಗದಲ್ಲೇ, ಹುಲ್ಲಿನ ಅದೇ ಅಂಚಿನ ಹತ್ತಿರ ಆರಿತು. ಕಾಯಿ ಒಡೆದಾಗಿತ್ತು. ತಪ್ಪಾಯಿತು ಎಂದಾಗಿತ್ತು. ಆದರೂ ಆರಿತು. ಹೊತ್ತು ಇಳಿಯುವವರೆಗೆ ಹಗೇವಿನ ಬದಿಗೆ ಕೂತಿರುತ್ತಿದ್ದ ಮಾವ ಅವಳ ಕಣ್ಣಮುಂದೆ ಬಂದ. ಅವನು ಪೂಜೆಗೆಂದು ಕೂತಿರಲಿಲ್ಲ. ಒಳಗೆ ದೀಪ ಉರಿಯಲಿ ಎಂದು ಕಾಯುತ್ತಿದ್ದ.

ಅವಳು ಹಾರಿ ಮೈದುನನ ನಡುವನ್ನು ಎರಡೂ ಕೈಯಿಂದ ತಬ್ಬಿ ಹಿಂದಕ್ಕೆ ಬಿದ್ದಳು. ಇಬ್ಬರೂ ಮಣ್ಣಿಗೆ ಉರುಳಿದರು.

"ಬಿಡು ವೈನಿ! ಅಣ್ಣ ಸಾಯಾಕತ್ತಾನ!"

"ಇಳೀಬ್ಯಾಡ! ದೀಪ ಉಳೀವಲ್ದು ಅಲ್ಲಿ, ನೀ ಹೆಂಗ ಉಳೀತಿ?"

"ನಿನ್ನ ಗಂಡ ಅಲ್ಲೇನು ಅಂವ? ಕಲ್ಲೇನ ನೀನು?"

ಆ ಮಾತು ಅವಳ ಎದೆಗೆ ಹೊಕ್ಕಿತು. ಕೈ ಸಡಿಲಾಗುತ್ತಿತ್ತು. ಬಿಟ್ಟುಬಿಡಲೇ ಎಂಬ ಆಸೆ ಒಂದು ಕ್ಷಣ ಬಂತು. ಇವನು ಇಳಿದರೆ, ಯಾರಿಗೆ ಗೊತ್ತು, ಅವರು ಬಂದರೂ ಬಂದಾರು. ಎದುರಿಗೆ ದ್ರೌಪದಿ ನಿಂತಿದ್ದಳು, ಬಾಯಿ ತೆರೆದಿತ್ತು, ಅಳು ಬಂದಿರಲಿಲ್ಲ. ಕಲ್ಯಾಣಮ್ಮ ಕೈ ಬಿಗಿ ಮಾಡಿದಳು.

"ದ್ರೌಪದೀ, ಪಾತಾಳಗರಡಿ ತಾ! ಬಾವಿ ಹತ್ರ ಅದ, ಓಡು!"

ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು ಅದು. ದ್ರೌಪದಿ ಹಗ್ಗದ ಸಮೇತ ಹೊತ್ತು ತಂದಳು. ಅಮೃತಪ್ಪನಿಗೆ ಆಗ ತಿಳಿಯಿತು. ಅವನು ಹೊಟ್ಟೆ ಮೇಲೆ ಮಲಗಿ ಉಸಿರು ಬಿಗಿಹಿಡಿದು ಕೊಕ್ಕೆ ಬಿಟ್ಟ. ತಲೆ ಸುತ್ತಿದರೆ ಎಳೆಯಲಿಕ್ಕೆ ನಾಗಪ್ಪ ಅವನ ಕಾಲು ಹಿಡಿದ. ಕಲ್ಯಾಣಮ್ಮ ಕಂಬಳಿಯ ಒಂದು ತುದಿ ಹಿಡಿದು ಹಗೇವಿನೊಳಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ, ಒಳಗಿನ ಗಾಳಿಯನ್ನು ಹೊರಗೆ ಎಳೆದು ಹಾಕತೊಡಗಿದಳು. ಪಡಸಾಲೆಯಿಂದ ಗಂಗುಬಾಯಿಗೆ ಬಾಗಿದ ಬೆನ್ನುಗಳ ಹೊರತು ಏನೂ ಕಾಣುತ್ತಿರಲಿಲ್ಲ. "ಏನಾತ್ರಲೇ? ಬಂಡ್ಯಾ ಯಾಕ ಮಾತಾಡವಲ್ಲ? ಯಾರರೆ ಹೇಳ್ರಲೇ!" ಎಂದು ನೆಲ ಬಡಿಯುತ್ತಿದ್ದಳು.

ಕೊಕ್ಕೆಗೆ ಮೊದಲು ರುಮಾಲು ಬಂತು. ಅದನ್ನು ಕಂಡು ದ್ರೌಪದಿ ಚೀರಿದಳು. ಮತ್ತೆ ಬಿಟ್ಟರು, ಅಂಗಿ ಹರಿದು ಕೊಕ್ಕೆ ಬರಿದೇ ಬಂತು. ಅಮೃತಪ್ಪ ಮುಖ ಹೊರಗೆ ಹೊರಳಿಸಿ ಉಸಿರು ತುಂಬಿಕೊಂಡು ಮತ್ತೆ ಬಾಗಿದ. ಈ ಸಲ ಕೊಕ್ಕೆ ಧೋತರದ ಕಚ್ಚೆಯ ಗಂಟಿಗೆ ಸಿಕ್ಕಿತು. "ಎಳೀರಿ!" ಎಂದ. ನಾಲ್ವರೂ ಹಗ್ಗಕ್ಕೆ ಬಿದ್ದರು. ಮೊದಲು ಸೊಂಟ, ಆಮೇಲೆ ಜೋಲುತ್ತಿದ್ದ ಕೈ. ನಾಗಪ್ಪ ರಟ್ಟೆ ಹಿಡಿದು ಜಗ್ಗಿದ. ಬಂಡೆಪ್ಪ ಸುಣ್ಣದ ಗೆರೆಯ ಮೇಲೆ ಅಂಗಾತ ಬಿದ್ದ. ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಹಲ್ಲಿನ ನಡುವೆ ಜೋಳ ಸಿಕ್ಕಿತ್ತು.

ಕಲ್ಯಾಣಮ್ಮ ಬೆರಳು ಹಾಕಿ ಕಾಳು ತೆಗೆದಳು. ನೀರು ಚಿಮುಕಿಸಿದರು, ಗಾಳಿ ಬೀಸಿದರು, ಅಂಗಾಲು ತಿಕ್ಕಿದರು. ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಒಂದು ಬದಿಗೆ ವಾಲಿತ್ತು. ಅವಳು ಅದನ್ನು ನೆಟ್ಟಗೆ ಮಾಡಿ ಅದನ್ನೇ ನೋಡುತ್ತ ಕೂತಳು. ಏನನ್ನೂ ಬೇಡಿಕೊಳ್ಳಲಿಲ್ಲ. ಮೋಡದ ನೆರಳು ಅಂಗಳ ದಾಟಿತು. ಕರಡಿಗೆ ಎಳ್ಳಿನಷ್ಟು ಮೇಲೆದ್ದಂತೆ ಕಂಡಿತು. ಅವಳು ನಂಬಲಿಲ್ಲ. ಅದು ಇಳಿಯಿತು. ಮತ್ತೆ ಎದ್ದಿತು.

ಆಮೇಲೆ ಬಂಡೆಪ್ಪ ಹರಿದ ತಿದಿಯಂತೆ ಸದ್ದು ಮಾಡಿ ಗಾಳಿ ಎಳೆದ.

ಸಂಜೆ ಅವನಿಗೆ ಚೆನ್ನಾಗಿ ಎಚ್ಚರವಾಯಿತು. ತಾಯಿಯ ಹಾಸಿಗೆಯ ಪಕ್ಕದಲ್ಲೇ ಅವನನ್ನು ಮಲಗಿಸಿದ್ದರು. ಮುದುಕಿ ಅವನ ಕೈಬೆರಳು ಹಿಡಿದುಕೊಂಡೇ ನಿದ್ದೆಹೋಗಿದ್ದಳು. ಕಲ್ಯಾಣಮ್ಮ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಅಮೃತಪ್ಪ ಹೊರಗಿನ ಕಟ್ಟೆಯ ಮೇಲಿದ್ದ. ಮುಂಜಾನೆಯಿಂದ ಅವನು ವೈನಿಯ ಮುಖ ನೋಡಿರಲಿಲ್ಲ, ಅವಳೂ ಅವನನ್ನು ಕರೆದಿರಲಿಲ್ಲ.

"ನನ್ನ ತೆಗಿಯಾಕ ಯಾರ ಇಳಿದ್ರು?" ಎಂದು ಕೇಳಿದ ಬಂಡೆಪ್ಪ. ಧ್ವನಿ ಕೀರಲಾಗಿತ್ತು.

ಅವಳು ಈ ಪ್ರಶ್ನೆಗೆ ಇಡೀ ದಿನ ಹೆದರಿದ್ದಳು.

"ಯಾರೂ ಇಳೀಲಿಲ್ರಿ."

"ಯಾರೂ?"

"ನಿಮ್ಮ ತಮ್ಮ ಇಳಿಯಾಕ ಹೋದ್ರು. ನಾನೇ ಹಿಡಕೊಂಡೆ. ಬಿಡ್ಲಿಲ್ಲ." ಅವಳು ಬಟ್ಟಲು ಕೆಳಗಿಟ್ಟಳು. "ನೀವು ಒಳಗ ಇದ್ರಿ. ಇದ್ದೀರೋ ಇಲ್ಲೋ ಗೊತ್ತಿರಲಿಲ್ಲ. ಆದ್ರೂ ಬಿಡ್ಲಿಲ್ಲರಿ."

ಬಂಡೆಪ್ಪ ತೊಲೆಯನ್ನು ನೋಡುತ್ತ ಮಲಗಿದ್ದ. ಅವನ ಎದೆ ಏರುವುದನ್ನೂ ಇಳಿಯುವುದನ್ನೂ ಅವಳು ಕಾಯುತ್ತಿದ್ದಳು. ಹೊರಗೆ ಅಮೃತಪ್ಪ ಕೆಮ್ಮಿದ. ಆ ಕೆಮ್ಮು ಕೇಳಿದ್ದೇ ಬಂಡೆಪ್ಪ ಬಾಗಿಲ ಕಡೆ ತಲೆ ಹೊರಳಿಸಿದ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ಅಂವಾ ಇದ್ದಾನಲ್ಲ," ಎಂದ.

"ಇದ್ದಾರ್ರಿ."

"ಛಲೋ ಹಿಡಿದಿ." ಅವಳ ಕಡೆ ತಿರುಗಿ, "ಕರಿ ಅವನ್ನ. ಬಾಜೂಕ ಕೂಡಲಿ," ಎಂದ.

ಅಮೃತಪ್ಪ ಬಂದು ಅಣ್ಣನ ಕಾಲ ಹತ್ತಿರ ಕೂತ. ಜಾಗ ಬಿಟ್ಟು ಸರಿಯುತ್ತಿದ್ದ ವೈನಿಯ ಸೆರಗಿನ ತುದಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ಹೊರಗೆ ಮಳೆಯ ಮೊದಲ ಹನಿಗಳು ಬಿದ್ದವು. ನಾಗಪ್ಪ ಸಿಮೆಂಟಿನ ಚೀಲಗಳನ್ನು ಮಳೆ ತಾಗದಂತೆ ಒಳಕ್ಕೆ ಎಳೆಯುತ್ತಿದ್ದ ಸದ್ದು ಕೇಳಿತು.

"ತಮ್ಮಾ," ಎಂದ ಬಂಡೆಪ್ಪ, "ಹಗೇವಿನ ಕಡೆ ಬ್ಯಾಡ. ಅವ್ವ ನಾಳೆ ಎದ್ದು ಓಡಾಡೋ ಇಷ್ಟು ಜಾಗಾಕ್ಕ, ಪಡಸಾಲಿ ಮುಂದ, ಎಷ್ಟಾಗ್ತದ ಕೇಳು. ಇದ್ದ ದುಡ್ಡಿನಾಗ."

ಅಮೃತಪ್ಪ ಎದ್ದು ನಾಗಪ್ಪನ ಕಡೆ ಹೋದ. ಕಲ್ಯಾಣಮ್ಮ ಮತ್ತೆ ಬಟ್ಟಲು ತೆಗೆದುಕೊಂಡು ಗಂಡನ ಪಕ್ಕಕ್ಕೆ ಬಂದಳು. ಒಂದು ಗುಟುಕು ಕುಡಿಸುವ ಮೊದಲು ಅವನ ಮೂಗಿನ ಹತ್ತಿರ ಅಂಗೈ ಹಿಡಿದು ನೋಡಿದಳು. ಬೆಚ್ಚಗೆ ತಾಗಿತು. ಇನ್ನೊಂದು ಗುಟುಕಿಗೆ ಮೊದಲೂ ಹಿಡಿದು ನೋಡಿದಳು.