ಕೋವಿಗೆ ಮುಡಿಸಿದ ಹೂವು

ನಮ್ಮ ಯಜಮಾನರ ಅಜ್ಜ ಅರಮನೆಯಲ್ಲಿ ಬೇಟೆಯ ಲೆಕ್ಕ ಬರೆಯುತ್ತಿದ್ದವರು. ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆದವರಲ್ಲ. ಅವರಿಗೆ ಬಹುಮಾನವಾಗಿ ಬಂದ ಕೋವಿ ತಲೆಮಾರು ದಾಟಿ ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಬಂದು ಕುಳಿತಿತ್ತು. ಆಯುಧಪೂಜೆಯ ದಿನ ಅದಕ್ಕೆ ನಡೆಯುತ್ತಿದ್ದ ಉಪಚಾರ, ಮದುವೆಯಾಗಿ ಈ ಮನೆಗೆ ಬಂದಾಗ ನನಗೂ ನಡೆದಿರಲಿಲ್ಲ.

ಮಣೆಯ ಮೇಲೆ ಕೋವಿ, ಪಕ್ಕದಲ್ಲಿ ಸಾಲಾಗಿ ಕಾಡತೂಸುಗಳು. ಗಂಧ, ಕುಂಕುಮ, ಸೇವಂತಿಗೆ ಹಾರ. ಮಂಗಳಾರತಿಯಾದ ಮೇಲೆ ತಾರಸಿಗೆ ಒಯ್ದು ಒಂದು ಸಲ ಹಾರಿಸಬೇಕು, ಪೂಜೆ ಮಾಡಿಸಿಕೊಂಡ ಕೋವಿ ಬಾಯಿ ಬಿಡದಿದ್ದರೆ ಮನೆತನಕ್ಕೆ ಆಗುವುದಿಲ್ಲ ಎನ್ನುವುದು ನಮ್ಮ ಯಜಮಾನರಾದ ಲಕ್ಷ್ಮೀನರಸಿಂಹಯ್ಯನವರ ಶಾಸ್ತ್ರ. ಆಮೇಲೆ ಮತ್ತೆ ಮಣೆಯ ಮೇಲಿಟ್ಟರೆ, ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆಯುವವರೆಗೂ ಯಾರೂ ಮುಟ್ಟುವಂತಿಲ್ಲ. ಹಾರಿಸುವುದಕ್ಕೆಂದೇ ಬರೀ ಸದ್ದು ಮಾಡುವ ಕಾಡತೂಸು ಇಟ್ಟಿರುತ್ತಿದ್ದರು. ಉಳಿದವುಗಳಲ್ಲಿ ಸೀಸದ ಚರೆ ತುಂಬಿರುತ್ತಿತ್ತು.

ಲೈಸೆನ್ಸ್ ನವೀಕರಿಸಲು ಹೋದಾಗಲೆಲ್ಲ ಠಾಣೆಯ ಇನ್ಸ್‌ಪೆಕ್ಟರ್ ರುದ್ರಸ್ವಾಮಿ ಹೇಳುತ್ತಿದ್ದರು, ‘ಸಾರ್, ಮನೆಗಳಿರೋ ಕಡೆ ಹಬ್ಬಕ್ಕೆ, ಮದುವೆಗೆ ಅಂತ ಹಾರಿಸಂಗಿಲ್ಲ. ಕೇಸಾಗುತ್ತೆ.’ ಇವರು ಮನೆಗೆ ಬಂದು ನಗುತ್ತಿದ್ದರು. ‘ಆ ಕಾನೂನೆಲ್ಲ ಪುಂಡರಿಗೆ ಕಣೇ. ಇದು ಅರಮನೆ ಕೋವಿ.’ ನಾನೂ ಬಾಯಿ ನೋಯುವಷ್ಟು ಹೇಳಿದೆ. ನಮ್ಮ ಹಿತ್ತಲಾಚೆ ಗದ್ದೆ ಇದ್ದ ಕಾಲ ಹೋಯಿತು, ಈಗ ಗೋಡೆಗೆ ಗೋಡೆ ತಾಗಿ ಮನೆಗಳಿವೆ, ಬೇಡಿ ಎಂದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತೋ ಏನೋ.

ಈ ಸಲ ಕಾಡತೂಸುಗಳಿಗೂ ಅವರೇ ಕೈತುಂಬ ಗಂಧ ಮೆತ್ತಿ, ಮೇಲೆ ಕುಂಕುಮ ಸುರಿದರು. ಯಾವುದು ಸದ್ದಿನದು, ಯಾವುದು ಚರೆಯದು ಎಂಬ ಗುರುತೇ ಉಳಿಯಲಿಲ್ಲ. ಒರೆಸಿ ನೋಡಿ ಎಂದರೆ, ದೇವರಿಗೆ ಇಟ್ಟ ಕುಂಕುಮ ಒರೆಸುತ್ತಾರೇನೇ ಎಂದು ನನ್ನನ್ನೇ ಗದರಿದರು. ಸಾಲಿನಿಂದ ಒಂದನ್ನು ಎತ್ತಿಕೊಂಡು ತಾರಸಿಗೆ ಹೋದರು. ಎಪ್ಪತ್ತು ದಾಟಿದ ತೋಳು, ಭಾರದ ಕೋವಿ. ಆಕಾಶ ನೋಡಬೇಕಾದ ನಳಿಗೆ ಹಿಂದಿನ ಬೀದಿಯ ಕಡೆ ಬಾಗಿತು.

ಸದ್ದಿನ ಹಿಂದೆಯೇ ಹೆಂಗಸೊಬ್ಬಳು ಕಿರುಚಿದ್ದು ಕೇಳಿಸಿತು. ಚಲುವಮ್ಮ. ಬೀದಿಯ ಅರ್ಧ ಹೆಂಗಸರ ರವಿಕೆಗಳನ್ನು ಹೊಲಿಯುವವಳು. ಬೆಳಿಗ್ಗೆ ತನ್ನ ಹೊಲಿಗೆ ಮಿಷನ್ನಿಗೆ ಪೂಜೆ ಮಾಡಿ, ಒಗೆದ ಬಟ್ಟೆ ಹರವಲು ತಾರಸಿಗೆ ಬಂದಿದ್ದಳು. ನಾನು ಇಣುಕಿದಾಗ ಮುಖ ಮುಚ್ಚಿಕೊಂಡು ಕುಳಿತಿದ್ದಳು, ಬೆರಳುಗಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅವಳ ಮಗಳು ನಯನಾ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಇವರು ಏನು ಮಾಡಿದರು ಗೊತ್ತೇ? ಕೋವಿ ತಂದು ಮಣೆಯ ಮೇಲಿಟ್ಟು, ಹಾರ ಸರಿಮಾಡಿ, ಬಾಗಿಲಿಗೆ ಬಂದ ಅಕ್ಕಪಕ್ಕದವರಿಗೆ ‘ಯಾರೋ ಹುಡುಗರು ಪಟಾಕಿ ಹೊಡೆದಿದ್ದಾರೆ’ ಎಂದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ನನ್ನ ಮೈಯೆಲ್ಲ ಉರಿದುಹೋಯಿತು.

‘ನೀನೂ ಪಟಾಕಿ ಅಂತಲೇ ಹೇಳು ಚಂದ್ರಾ. ಆಸ್ಪತ್ರೆ ಖರ್ಚು ನಾವೇ ನೋಡ್ಕೊಳ್ಳೋಣ. ಮರ್ಯಾದಸ್ತರ ಮನೆ.’

ಅಷ್ಟರಲ್ಲಿ ನಯನಾಳ ಫೋನು ಬಂತು. ‘ಆಂಟಿ, ಅವ್ವನ ಕಣ್ಣೊಳಕ್ಕೆ ಏನು ಹೋಗೈತೆ ಅಂತ ಡಾಕ್ಟ್ರು ಕೇಳ್ತಾವ್ರೆ. ಎಲ್ರೂ ಪಟಾಕಿ ಅಂತಾವ್ರೆ. ನಿಮ್ಮನೆ ಕಡೆಯಿಂದ್ಲೇ ಸದ್ದು ಬಂತಲ್ವಾ? ನಿಜ ಹೇಳಿ, ಕಣ್ಣು ಉಳೀಬೇಕು.’

ಇವರು ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತ ಹೇಳಿದೆ, ‘ಪಟಾಕಿ ಅಲ್ಲಮ್ಮ. ನಮ್ಮ ಯಜಮಾನರು ಕೋವಿ ಹಾರಿಸಿದ್ದು. ಸೀಸದ ಚರೆ. ಡಾಕ್ಟ್ರಿಗೆ ಈಗಲೇ ಹೇಳು. ಪೊಲೀಸರಿಗೆ ನಾನೇ ಫೋನ್ ಮಾಡ್ತೀನಿ.’

‘ಮನೆತನದ ಮಾನ ಹರಾಜು ಹಾಕಿಬಿಟ್ಟೆಯಲ್ಲೇ’ ಎಂದರು.

‘ಇಲಿ ಹೊಡೆಯದ ಮನೆತನ, ಹೆಂಗಸಿನ ಕಣ್ಣು ಹೊಡೀತು. ಇನ್ಯಾವ ಮಾನ ಉಳಿದಿದೆ?’ ಎಂದೆ. ಇಷ್ಟು ವರ್ಷದಲ್ಲಿ ಅವರೆದುರು ನಾನು ಅಂಥ ಮಾತು ಆಡಿರಲಿಲ್ಲ.

ರುದ್ರಸ್ವಾಮಿ ಬಂದರು. ತಾರಸಿಯಲ್ಲಿ ಬಿದ್ದಿದ್ದ ಸುಟ್ಟ ಕಾಡತೂಸನ್ನು ನಾನೇ ತೋರಿಸಿದೆ. ಅದಕ್ಕೆ ಮೆತ್ತಿದ ಕುಂಕುಮ ಇನ್ನೂ ಹಾಗೆಯೇ ಇತ್ತು. ಅವರು ಕೋವಿಗೆ ಕೈ ಹಾಕಿದಾಗ ನಮ್ಮ ಯಜಮಾನರು ಅಡ್ಡ ನಿಂತರು. ಅವರ ಕಣ್ಣಲ್ಲಿ ಆಗ ನೀರು ಬಂತು.

‘ನಾಳೆ ಬೆಳಿಗ್ಗೆವರೆಗೂ ಬಿಡಿ ಸಾರ್. ಹೂವು ಏರಿಸಿದ ಆಯುಧ, ಕದಲಿಸಬಾರದು.’

ಚಲುವಮ್ಮನಿಗಾಗಿ ಬಾರದ ನೀರು ಕಬ್ಬಿಣಕ್ಕಾಗಿ ಬಂತು. ನನಗೆ ತಡೆಯಲಾಗಲಿಲ್ಲ. ಹೋಗಿ ಹಾರವನ್ನು ಕಿತ್ತು ಎಸೆದೆ. ‘ಈಗ ತಗೊಂಡು ಹೋಗಿ’ ಎಂದೆ. ಕೋವಿಯ ಜೊತೆ ಇವರನ್ನೂ ಕರೆದುಕೊಂಡು ಹೋದರು. ಮಾರನೆಯ ದಿನ ಜಾಮೀನಿನ ಮೇಲೆ ಮನೆಗೆ ಬಂದರು.

ವೈದ್ಯರು ಚರೆ ತೆಗೆದರು. ಬಲಗಣ್ಣಿಗೆ ಮಾತ್ರ ದೃಷ್ಟಿ ಬರುವುದಿಲ್ಲ ಎಂದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು, ಉಣ್ಣುತ್ತಿದ್ದವಳು ಅವಳು.

ಚಲುವಮ್ಮ ಮನೆಗೆ ಬಂದ ಮೇಲೆ ನೋಡಲು ಹೋದೆ. ಕಣ್ಣಿಗೆ ಕಟ್ಟು ಹಾಕಿತ್ತು. ಮೂಲೆಯಲ್ಲಿ ಹೊಲಿಗೆ ಮಿಷನ್ನು, ಅದರ ಮೇಲೆ ಆಯುಧಪೂಜೆಯ ದಿನ ಏರಿಸಿದ ಸೇವಂತಿಗೆ ಒಣಗಿ ಕಂದಾಗಿತ್ತು. ಕುಳಿತುಕೊಳ್ಳಿ ಎಂದು ಅವಳು ಹೇಳಲಿಲ್ಲ.

‘ನೀವು ದಿಟ ಹೇಳುದ್ರಿ ಅಂತ ನಯನಾ ಅಂದ್ಲು ಅಮ್ಮಾವ್ರೆ. ಅದ್ಕೇ ಒಳಿಕ್ಕೆ ಬುಟ್ಟೆ. ನೆನ್ನೆ ಸೂಜಿಗೆ ದಾರ ಪೋಣ್ಸಕ್ಕೋದೆ. ಆಗ್ನಿಲ್ಲ.’

ಕೈ ನೀಡಿ ಒಣಗಿದ ಹಾರವನ್ನು ತೋರಿಸಿದಳು.

‘ಇದನ್ನ ಯಾರೂ ತೆಗೀಬೇಡಿ ಅಂತ ನಯನಂಗೂ ಹೇಳಿವ್ನಿ. ನಿಮ್ ಯಜಮಾನ್ರನ್ನ ಕಳ್ಸಿ. ಅವ್ರೇ ಬಂದು, ನನ್ ಮುಂದೆ ನಿಂತ್ಕಂಡು ತೆಗೀಲಿ.’

ಮನೆಗೆ ಬಂದು ಇವರಿಗೆ ಹೇಳಿದೆ. ವಕೀಲರನ್ನು ಕೇಳಿ ನೋಡುತ್ತೇನೆ ಎಂದರು. ದಸರೆ ಕಳೆದು ದೀಪಾವಳಿಯೂ ಆಯಿತು. ದಿನಾ ಕೇಳುತ್ತೇನೆ, ದಿನಾ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆ ಹೂವು ಇನ್ನೂ ಮಿಷನ್ನಿನ ಮೇಲೆಯೇ ಇದೆ.