ಎಡದ ಮೇಲೆ ಬಲ

"ಗುಂಡಿ ಇಲ್ಲ, ಲಾಡಿ ಇಲ್ಲ, ಇದನ್ನ ಎಲ್ಲಿಂದ ಹಿಡದು ಎಲ್ಲಿಗಿ ತರಬೇಕು?"

ಶಿವಕ್ಕ ಕೇಳಿದ್ದು ಯಾರನ್ನೂ ಅಲ್ಲ. ಸೊಸೆ ಐಶ್ವರ್ಯ ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಳು. ಹಾಸಿಗೆಯ ಮೇಲೆ ಹರವಿದ್ದ ಜಪಾನಿ ಉಡುಪು ಕಡುನೀಲಿ, ಅದರ ತುಂಬ ಬಿಳಿ ಹೂ. ಐಶ್ವರ್ಯ ಕೆಲಸ ಮಾಡುವ ಜಪಾನಿ ಕಂಪನಿಯ ಗೆಳತಿಯ ತಾಯಿ, ಹಮಾದಾ ಎಂಬ ಮುದುಕಿ, ಸಂಜೆಯ ಹಬ್ಬಕ್ಕೆಂದು ಅದನ್ನು ಕೊಟ್ಟು ಕಳಿಸಿದ್ದಳು. ಹೂವಿನ ಬಟ್ಟೆ ಉಡುತ್ತಾಳಲ್ಲ ಎಂದು ಶಿವಕ್ಕನಿಗೆ ಒಳಗೊಳಗೇ ಕಸಿವಿಸಿ. ಆದರೂ ಉಡಿಸಲು ತಾನೇ ನಿಂತಳು. ಸೊಸೆ ಹೊರಗೆ ಬಂದಾಗ ಎಡ ಅಂಚನ್ನು ಅವಳ ಮೈಗೆ ಒತ್ತಿ, ಬಲ ಅಂಚನ್ನು ಅದರ ಮೇಲೆ ತಂದು, ಸೊಂಟದ ಪಟ್ಟಿ ಬಿಗಿದಳು. ಬೈಲಹೊಂಗಲದ ಕಡೆ ಸೆರಗು ಬಲಗಡೆಯಿಂದಲೇ ಮುಂದೆ ಬರುವುದು. ಕೈ ತಾನಾಗಿ ಹಾಗೆ ಹೋಯಿತು.

ಮಗ ಮನೋಹರ್ ಅಮೆರಿಕದ ವಾರೆನ್‌ನಲ್ಲಿ ಕಾರುಗಳ ವಿನ್ಯಾಸ ಮಾಡುತ್ತಿದ್ದ. ಜನವರಿಯಲ್ಲಿ ಹೆದ್ದಾರಿಯ ಹಿಮದ ಮೇಲೆ ಅವನ ಕಾರು ಜಾರಿತು. ಊರಿನಲ್ಲಿದ್ದ ಇವರಿಗೆ ವೀಸಾ ಸಿಗುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಕೂರಿಸಿ ಮಣ್ಣು ಮಾಡುವ ಪದ್ಧತಿ ಅಲ್ಲಿ ನಡೆಯಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದರು ಎಂದು ಫೋನಿನಲ್ಲಿ ಕೇಳಿದಾಗ ಗಂಡ ಗುರುಲಿಂಗಪ್ಪ ಎದ್ದು ಹಿತ್ತಲಿಗೆ ಹೋಗಿದ್ದ. ಈಗ ಬೇಸಿಗೆಯಲ್ಲಿ ಶಿವಕ್ಕ ಒಬ್ಬಳೇ ಬಂದದ್ದು ಒಂದೇ ಕೆಲಸಕ್ಕೆ. ಸೊಸೆಯ ನೌಕರಿ ಬಿಡಿಸಿ, ಅವಳನ್ನು ಊರಿಗೆ ಕರೆದುಕೊಂಡು ಹೋಗಬೇಕು. ಮುಂದಿನ ವಾರದ ವಿಮಾನಕ್ಕೆ ಗುರುಲಿಂಗಪ್ಪ ಎರಡು ಸೀಟು ಹಿಡಿಸಿಟ್ಟಿದ್ದ.

ಐಶ್ವರ್ಯ ಆಗಲಿ ಎಂದಿರಲಿಲ್ಲ, ಆಗದು ಎಂದೂ ಅಂದಿರಲಿಲ್ಲ. ಕಾರಿನಲ್ಲಿ ಶಿವಕ್ಕ ಮತ್ತೆ ಮಾತು ತೆಗೆದಾಗ, "ಎಕ್ಸಿಟ್ ಮಿಸ್ ಆಗುತ್ತೆ ಅತ್ತೆ, ಆಮೇಲೆ ಮಾತಾಡೋಣ," ಎಂದು ರಸ್ತೆಯ ಮೇಲೆ ಕಣ್ಣಿಟ್ಟಳು. ಎಕ್ಸಿಟ್ ಬಂತು, ಹೋಯಿತು. ಮಾತು ಮತ್ತೆ ಏಳಲಿಲ್ಲ.

ಹಬ್ಬ ಒಂದು ಶಾಲೆಯ ಮೈದಾನದಲ್ಲಿ. ನಡುವೆ ಮರದ ಅಟ್ಟಣೆ, ಅದರ ಮೇಲೆ ಎತ್ತಿನ ಹೊಟ್ಟೆಯಷ್ಟು ದಪ್ಪದ ಡೋಲು. ಸುತ್ತ ಹಗ್ಗದಲ್ಲಿ ಕಾಗದದ ದೀಪಗಳು. ಮೆಕ್ಕೆಜೋಳದ ತೆನೆ ಸುಡುವ ವಾಸನೆ ಊರಿನದೇ ಅನ್ನಿಸಿತು, ಮೇಲೆ ಸವರುತ್ತಿದ್ದ ಕರಿ ರಸ ಮಾತ್ರ ಬೇರೆ. ಹಮಾದಾ ಬಂದು ಬಾಗಿ ನಮಸ್ಕರಿಸಿದಳು. ಶಿವಕ್ಕ ಕೈ ಮುಗಿದು ಶರಣು ಎಂದಳು. ಆಕೆ ಮತ್ತೆ ಬಾಗಿದಳು, ಈಕೆ ಮತ್ತೆ ಮುಗಿದಳು. ಹೇಗೆ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯದೆ ಕೊನೆಗೆ ಇಬ್ಬರೂ ನಕ್ಕರು. ಕತ್ತಲಾಗುತ್ತಿದ್ದ ಆ ಬೆಳಕಿನಲ್ಲಿ ಮುದುಕಿ ಬೇರೆ ಏನನ್ನೂ ಗಮನಿಸಲಿಲ್ಲ.

ಸತ್ತವರು ಈ ದಿನಗಳಲ್ಲಿ ಮನೆಗೆ ಬರುತ್ತಾರೆ, ಅವರ ಸಂತೋಷಕ್ಕೆ ಇದ್ದವರು ಕುಣಿಯುತ್ತಾರೆ, ಆಮೇಲೆ ದೀಪ ತೋರಿಸಿ ಕಳಿಸಿಕೊಡುತ್ತಾರೆ ಎಂದು ಐಶ್ವರ್ಯ ಹೇಳಿದಳು.

"ಯಾವ ದಾರೀಲೆ ಬರ್ತಾರಂತವಾ?"

"ಗೊತ್ತಿಲ್ಲ ಅತ್ತೆ. ಡ್ರೈವ್ ಮಾಡ್ಕೊಂಡು ಬರಲ್ಲ, ಅಷ್ಟೇ."

ಅಂದ ಮೇಲೆ ಅವಳೇ ತುಟಿ ಕಚ್ಚಿಕೊಂಡಳು. ಶಿವಕ್ಕ ಬೆಂಚಿನ ಮೇಲೆ ತೆನೆಯ ಕಾಳು ಬಿಡಿಸುತ್ತ ಕೂತಳು. ತವರಿನಲ್ಲಿ ದಿನಾ ಸಂಜೆ ವಚನ ಹೇಳುತ್ತಿದ್ದರು; ಮೂಲೆಯಲ್ಲಿ ಕೂತು ಕೇಳಿಯೇ ಬೆಳೆದವಳು. ಹೋದವನು ಲಿಂಗದಲ್ಲಿ ಬೆರೆತ, ಮರಳುವ ಮಾತಿಲ್ಲ, ಅತ್ತು ಕರೆಯುವ ಹಾಗೂ ಇಲ್ಲ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೂ ಡೋಲಿಗೆ ಪೆಟ್ಟು ಬಿದ್ದು, ಚಡ್ಡಿಯ ಅಮೆರಿಕನ್ನರು, ಮುದುಕರು, ಮಕ್ಕಳು ಎಲ್ಲ ಸುತ್ತುಗಟ್ಟಿ ಒಂದೇ ತೆರನಾಗಿ ಕೈ ಎತ್ತಿ ಇಳಿಸತೊಡಗಿದಾಗ, ಅವಳ ಕಣ್ಣು ಒಂದೊಂದೇ ಮುಖವನ್ನು ನೋಡುತ್ತ ಹೋಯಿತು. ಮಗನ ಮುಖ ನೋಡದೆ ಕಳಿಸಿಕೊಟ್ಟಿದ್ದಳಲ್ಲ.

ಐಶ್ವರ್ಯ ಸುತ್ತಿನ ಅಂಚಿಗೆ ಹೋಗಿ ನಿಂತಳು. ದೀಪದ ಬೆಳಕು ಎದೆಯ ಮೇಲೆ ಬಿತ್ತು. ಕುಣಿಯುತ್ತಿದ್ದ ಹಮಾದಾ ಅವಳನ್ನು ನೋಡಿ ಹೆಜ್ಜೆ ನಿಲ್ಲಿಸಿದಳು. ಓಡಿಬಂದು, ತನ್ನ ಮೈಯನ್ನೇ ಅವಳಿಗೆ ಅಡ್ಡ ಹಿಡಿದು, ತೋಳು ಹಿಡಿದು ಡೇರೆಯ ಹಿಂದಕ್ಕೆ ಎಳೆದುಕೊಂಡು ಹೋದಳು. ಏನಾಯಿತೋ ಎಂದು ಶಿವಕ್ಕ ಹಿಂದೆಯೇ ಹೋದಳು. ಮುದುಕಿ ಪಟ್ಟಿ ಬಿಚ್ಚಿ, ಬಲ ಅಂಚನ್ನು ಒಳಗೆ ಸೇರಿಸಿ, ಎಡ ಅಂಚನ್ನು ಮೇಲೆ ತಂದು, ಗಡಿಬಿಡಿಯಲ್ಲಿ ಮತ್ತೆ ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ಅಂಗೈಯಿಂದ ಎದೆಯನ್ನು ಎರಡು ಸಲ ಸವರಿದಳು, ಧೂಳು ಕೊಡವಿದ ಹಾಗೆ.

"ಏನಂತಾಳ ಆಕಿ?"

ಐಶ್ವರ್ಯ ಹೇಳಲು ಹಿಂದೆಮುಂದೆ ನೋಡಿದಳು. "ಬಲಗಡೆದು ಮೇಲೆ ಬರಬಾರ್ದಂತೆ ಅತ್ತೆ. ಹಾಗೆ ಸುತ್ತೋದು ಹೆಣಕ್ಕೆ ಮಾತ್ರವಂತೆ." ಆಮೇಲೆ ಮೆಲ್ಲಗೆ, "ಬಿಡಿ, ನಿಮಗೇನು ಗೊತ್ತಿತ್ತು. ನನಗೇನೂ ಬೇರೆ ಥರ ಅನ್ನಿಸ್ಲಿಲ್ಲ," ಎಂದಳು.

ಅದನ್ನು ದೂರಿನಂತೆ ಹೇಳಲಿಲ್ಲ. ಸೆಖೆ ಜಾಸ್ತಿ ಇದೆ ಎಂದ ಹಾಗೆ ಹೇಳಿದಳು. ಶಿವಕ್ಕ ಪಟ್ಟಿ ಬಿಗಿದಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಬೆಂಚಿಗೆ ಮರಳಿ ಕೂತಳು.

ಸುತ್ತಿನಲ್ಲಿ ಐಶ್ವರ್ಯ ಹೆಜ್ಜೆ ತಪ್ಪಿದಳು. ಎಲ್ಲರೂ ಮುಂದಕ್ಕೆ ಹೋದರೆ ಇವಳು ಹಿಂದಕ್ಕೆ. ಹಿಂದಿದ್ದ ಹಮಾದಾಳ ಕಾಲು ತುಳಿದಳು. ಮುದುಕಿ ಏನೋ ಗದರಿದಳು, ಐಶ್ವರ್ಯ ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕಳು. ಬಂದಾಗಿನಿಂದ ಶಿವಕ್ಕ ಆ ನಗು ಕೇಳಿರಲಿಲ್ಲ.

ಮಡಿಲಲ್ಲಿದ್ದ ಸೊಸೆಯ ಸೆಲ್ ಫೋನ್ ಅದೇ ಹೊತ್ತಿಗೆ ಬಡಿದುಕೊಂಡಿತು. ಊರಿನಲ್ಲಿ ನಸುಕು, ಗುರುಲಿಂಗಪ್ಪ ಪೂಜೆಗೆ ಕೂರುವ ಮೊದಲು ಫೋನ್ ಮಾಡುವವನು. ಒಪ್ಪಿದಳೇನು ಎಂದು ಕೇಳಿದ. ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಮನೋಹರನ ಫೋಟೋ ಅಲ್ಲೇ ಹಾಕಿಸಿದ್ದೇನೆ, ಉಳಿದ ಕಾಲ ಅವನ ನೆನಪಿನಲ್ಲಿ ಪೂಜೆ ಮಾಡಿಕೊಂಡು ಇರಲಿ, ಯಾತಕ್ಕೂ ಕೊರತೆ ಮಾಡುವುದಿಲ್ಲ ಎಂದ. ಅವನ ದನಿ ಒಡೆದಿತ್ತು. ಡೋಲಿನ ಸದ್ದು ಅವನಿಗೂ ಕೇಳಿಸಿತು.

"ಏನದು ಗದ್ದಲ? ಆಕಿ ಎಲ್ಲಿ ಅದಾಳ?"

"ಇಲ್ಲೇ ಅದಾಳ್ರಿ. ಕುಣ್ಯಾಕತ್ಯಾಳ."

"ಫೋನ್ ಆಕಿ ಕೈಯಾಗ ಕೊಡು. ನಾ ಮಾತಾಡ್ತೀನಿ."

ಸುತ್ತು ತಿರುಗಿ ಐಶ್ವರ್ಯ ಬೆಂಚಿನ ಮುಂದೆಯೇ ಬರುತ್ತಿದ್ದಳು. ಕೈ ಚಾಚಿದರೆ ಫೋನ್ ಮುಟ್ಟುವಷ್ಟು ಹತ್ತಿರ. ಹಣೆಯ ಮೇಲೆ ಬೆವರು, ಕಣ್ಣು ಮುಂದಿನವರ ಕೈಗಳ ಮೇಲೆ.

"ಕೊಡಂಗಿಲ್ರಿ," ಎಂದಳು ಶಿವಕ್ಕ. "ಕರಕೊಂಡೂ ಬರಂಗಿಲ್ಲ."