ಮುಂದಿನ ಸೀಟಿನವರು

"ರೀ, ಗಾಜು ಸರಿಸ್ಕೊಳ್ಳಿ. ಗಾಳಿ ಕಿವಿಗೆ ಹೊಡೆಯತ್ತೆ. ಆಮೇಲೆ ನೋವು ಅಂತೀರಿ."

ಮುಂದಿನ ಸೀಟಿನ ಹೆಂಗಸು ತನ್ನ ಗಂಡನಿಗೆ ಇಷ್ಟು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಹೊಸ ಮದುವಣಗಿತ್ತಿಯ ಬಾಯಿಂದ ಅದೇ ಮಾತು, ಅದೇ ರಾಗದಲ್ಲಿ, ಆ 'ರೀ'ಯನ್ನು ಅಷ್ಟೇ ಉದ್ದಕ್ಕೆ ಎಳೆದು, ಪಿಸುದನಿಯಲ್ಲಿ ಹೊರಬಿತ್ತು. ಬೇಕೆಂದು ಆಡಿದ್ದಲ್ಲ, ಬೇಜಾರಿಗೆ ಬಂದದ್ದು. ಆದರೆ ಪಕ್ಕದಲ್ಲಿ ಫೋನಿನೊಳಗೆ ಮುಳುಗಿದ್ದ ಗಂಡ ಗಕ್ಕನೆ ತಲೆಯೆತ್ತಿದ. ಮುಂದಿನ ಸೀಟನ್ನು ನೋಡಿದ, ಅವಳನ್ನು ನೋಡಿದ. ಮೂಗಿನಿಂದ ಬುಸ್ಸೆಂದು ನಗು ನುಗ್ಗಿತು. ತಡೆಯಲು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ.

ಮದುವೆಯಾಗಿ ಅಂದಿಗೆ ಹನ್ನೊಂದು ದಿನ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

ಹಿರಿಯರು ಕೂತು ಮಾತಾಡಿ ಮುಗಿಸಿದ ಸಂಬಂಧ. ಅವನು ಹಳೆಯ ಕಾರು ಮಾರುವ ಶೋರೂಮಿನಲ್ಲಿದ್ದ. ಗಿರಾಕಿಗಳ ಎದುರು ಅರಳು ಹುರಿದಂತೆ ಮಾತಾಡುತ್ತಾನೆಂದು ಅವನ ಅಕ್ಕ ಹೇಳಿದ್ದಳು. ಮನೆಗೆ ಬಂದ ಮೇಲೆ ಅವನ ಮಾತು 'ಊಟ ಆಯ್ತಾ', 'ಲೈಟ್ ಆರಿಸ್ಲಾ' ಎಂಬಲ್ಲಿಗೆ ಮುಗಿಯುತ್ತಿತ್ತು. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ 'ಈಗ ಸ್ಪಷ್ಟನಾ, ಆಗ ಸ್ಪಷ್ಟನಾ' ಎಂದು ಕೇಳಿ ಕೇಳಿ ಸಾಕಾದಾಗ, ಗಿರಾಕಿ ಮೆಟ್ಟಿಲಿಳಿದ ಕೂಡಲೇ ಅವರ ನಡಿಗೆ, ಕೆಮ್ಮು, ಚೌಕಾಸಿ ಎಲ್ಲವನ್ನೂ ಹಾಗ್ಹಾಗೇ ಮಾಡಿ ತೋರಿಸಿ ಜೊತೆಯವರನ್ನು ನಗಿಸುತ್ತಿದ್ದಳು. "ಈ ಚಾಳಿ ಗಂಡನ ಮನೇಲಿ ತೋರಿಸ್ಬೇಡ ಮಾರಾಯ್ತಿ" ಎಂದು ಅಮ್ಮ ಹೇಳಿ ಕಳಿಸಿದ್ದಳು.

ಹೊಸ ದಂಪತಿಗಳಿಗೆಂದೇ ಮಾಡಿದ ಆರು ದಿನದ ಜೋಡಿ ಟೂರು ಅದು. ಒಂದು ಬೆಟ್ಟ, ಒಂದು ಕೆರೆ, ಕೊನೆಗೆ ಸಮುದ್ರ. ಒಂದೇ ಬಸ್ಸಿನಲ್ಲಿ ಏಳು ಜೋಡಿ. ಮೊದಲ ದಿನದ ಹೋಟೆಲಿನಲ್ಲಿ ಯಾರೋ ಟವೆಲ್ಲುಗಳನ್ನು ಮಡಿಚಿ ಎರಡು ಹಕ್ಕಿ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಹಾಸಿಗೆಯ ನಡುವೆ ಇಟ್ಟಿದ್ದರು. ಅದನ್ನು ಎತ್ತಬೇಕಾದವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಆ ಅಂಚಿಗೆ, ಅವಳು ಈ ಅಂಚಿಗೆ ಮಲಗಿದರು. ಬೆಳಿಗ್ಗೆ ಹಕ್ಕಿಗಳು ಒಂದು ಎಳೆಯೂ ಕದಲದೆ ಹಾಗೇ ಇದ್ದವು.

ಹಾಗಾಗಿ ಈ ನಗು ಅವಳ ಮಟ್ಟಿಗೆ ಸಣ್ಣ ವಿಷಯವಾಗಿರಲಿಲ್ಲ.

"ಇನ್ನೊಂದ್ಸಲ ಮಾಡು" ಎಂದ ಗಂಡ, ಕಿವಿಯ ಹತ್ತಿರ ಬಂದು.

ಮಾಡಿದಳು.

ಮುಂದಿನ ಸೀಟಿನವರಿಬ್ಬರಿಗೂ ಅರವತ್ತರ ಆಸುಪಾಸು. ಆತ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಅಂಟು ಮೆತ್ತಿ ಮೆತ್ತಿ ಬೆರಳ ತುದಿಗಳು ಗಟ್ಟಿಯಾಗಿ ಹೊಳೆಯುತ್ತಿದ್ದವು. ಆಕೆ ಟೆಲಿಫೋನ್ ಆಪರೇಟರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಬೈಂಡರನ ಮೊದಲ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಈಕೆಗೆ ಮದುವೆಯೇ ಆಗಿರಲಿಲ್ಲ. ಹೋದ ತಿಂಗಳು ಇಬ್ಬರೂ ಮದುವೆಯಾದರು. ಇದಿಷ್ಟನ್ನೂ ಮೊದಲ ದಿನವೇ ಟೂರ್ ಮ್ಯಾನೇಜರ್ ಬಸ್ಸಿಗೆಲ್ಲ ಸಾರಿಬಿಟ್ಟಿದ್ದ. ಊಟಕ್ಕೆ ಕೂತಾಗಲೂ ಮೈಕ್ ಕೆಳಗಿಡದ ಅವನಿಗೆ ಹುಡುಗರು 'ಮೈಕಣ್ಣ' ಎಂದೇ ಹೆಸರಿಟ್ಟಿದ್ದರು. "ನಮ್ಮ ಬಸ್ಸಿನ ಹಿರಿಯ ಮದುಮಕ್ಕಳು!" ಎಂದು ಅವನು ಕೂಗಿದಾಗ ಆ ಇಬ್ಬರೂ ನಾಚಿಕೊಂಡು ಎದ್ದು ನಿಂತು ಎಲ್ಲರಿಗೂ ಕೈಮುಗಿದಿದ್ದರು.

"ಸೆಕೆಂಡ್‌ಹ್ಯಾಂಡ್ ಗಾಡಿ" ಎಂದ ಗಂಡ ಈಗ, ಪಿಸುಗುಟ್ಟುತ್ತಾ. "ಬಾಡಿ ಹಳೇದು, ಪೇಂಟ್ ಮಾತ್ರ ಹೊಸದು."

ಅವಳು ಕಿಸಕ್ಕನೆ ನಕ್ಕಳು. ಅಲ್ಲಿಂದ ಇಬ್ಬರಿಗೂ ಮಾತಿಗೆ ಬರವಿರಲಿಲ್ಲ. ಬೈಂಡರ್ ಕಿತ್ತಳೆ ಸುಲಿದು ಒಂದೊಂದೇ ತೊಳೆಯ ಬಿಳಿ ನಾರು ತೆಗೆದು ಹೆಂಡತಿಗೆ ಕೊಟ್ಟರೆ, ಹಿಂದಿನ ಸೀಟಿನಲ್ಲಿ ಅದೇ ನಾಟಕ ಖಾಲಿ ಕೈಯಲ್ಲಿ ನಡೆಯುತ್ತಿತ್ತು. ಆಕೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ "ಗುಟುಕು ಗುಟುಕಾಗಿ ಕುಡೀರಿ" ಎಂದರೆ ಅದೂ ಆಗುತ್ತಿತ್ತು. ಟೀಗೆ ಬಸ್ಸು ನಿಂತಲ್ಲಿ ಗಂಡ ಆ ಇಬ್ಬರ ಕಣ್ಣು ತಪ್ಪಿಸಿ ಉಳಿದವರನ್ನೂ ಕರೆದ. "ಇವಳು ಮಾಡೋದು ನೋಡಿ ಒಂದ್ಸಲ" ಎಂದು ಹೆಮ್ಮೆಯಿಂದ, ಹೆಗಲ ಮೇಲೆ ಕೈ ಹಾಕಿ, ಅವಳನ್ನು ಮುಂದೆ ನಿಲ್ಲಿಸಿದ. ಸಂಜೆಯ ಹೊತ್ತಿಗೆ ಅವಳು ತುಟಿ ಬಿಚ್ಚಿದರೆ ಸಾಕು, ಅಕ್ಕಪಕ್ಕದ ಸೀಟುಗಳಿಂದ ತಲೆಗಳು ತಿರುಗುತ್ತಿದ್ದವು. ಆ ದಿನದ ಹೋಟೆಲಿನಲ್ಲೂ ಹಕ್ಕಿಗಳಿದ್ದವು. ಬಾಗಿಲು ತೆರೆದವನೇ ಗಂಡ ಎರಡನ್ನೂ ಕುತ್ತಿಗೆ ಹಿಡಿದೆತ್ತಿ ಕುರ್ಚಿಯ ಮೇಲೆಸೆದ.

ಮೂರನೆಯ ದಿನ ಕೆರೆ. ಗಂಡಸರು ದೋಣಿಯ ಚೀಟಿಗೆ ಸಾಲು ನಿಂತಿದ್ದರು. ಅವಳು ದಂಡೆಯ ಬೆಂಚಿನಲ್ಲಿ ಕೂತಿದ್ದಾಗ ಟೆಲಿಫೋನ್ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟಳು.

"ನೀನು ಎಲ್ಲರನ್ನೂ ಚೆನ್ನಾಗಿ ನಗಿಸ್ತೀಯಮ್ಮ. ಹಿಂದಿನಿಂದ ನಗು ಕೇಳ್ತಾ ಇರತ್ತೆ. ಖುಷಿಯಾಗತ್ತೆ."

ಟೀ ಗಂಟಲಲ್ಲಿ ಸಿಕ್ಕಿತು. ಕೆಮ್ಮಿದಳು. ಹೆಂಗಸು ಬೆನ್ನು ಸವರಿದಳು.

"ಮೊದಮೊದಲು ಕಷ್ಟ ಅಲ್ವಾ? ಒಂದು ರೂಮಲ್ಲಿ ಇನ್ನೊಂದು ಜೀವ. ಅರವತ್ತು ವರ್ಷ ಒಬ್ಬಳೇ ಮಲಗಿದೋಳು ನಾನು. ಅವರು ಹೊರಳಿದ್ರೆ ನಂಗೆ ಎಚ್ಚರ." ಆಕೆ ನೀರಿನತ್ತ ತಿರುಗಿದಳು. ಆಮೇಲೆ ಯಾರಿಗೂ ಹೇಳದೆ ತುಂಬ ದಿನ ಹೊತ್ತುಕೊಂಡವರಂತೆ ಹೇಳಿದಳು: "ಅವರು ನಿದ್ದೇಲಿ ಕರೀತಾರೆ. ನನ್ನಲ್ಲ, ಮೊದಲನೆಯವಳನ್ನ."

"ಅಯ್ಯೋ. ನೀವೇನು ಮಾಡ್ತೀರಿ ಆಂಟಿ?"

"'ಹೂಂ, ಇಲ್ಲೇ ಇದೀನಿ' ಅಂತೀನಿ. ಮತ್ತೆ ಮಲಗ್ತಾರೆ, ಮಗು ಥರ." ಆಕೆ ನಕ್ಕಳು. "ನಂಗೇನು ಹೊಸದಾ ಹೇಳು. ಮೂವತ್ತು ವರ್ಷ ಮಾಡಿದ್ದು ಅದನ್ನೇ. ಯಾರೋ ಯಾರನ್ನೋ ಕೇಳ್ತಾರೆ, ನಡುವೆ ನಾನು. ಆದ್ರೆ ಇಲ್ಲಿ ಲೈನ್ ಕೊಡೋಕಾಗಲ್ಲ, ಅದಕ್ಕೆ ನಾನೇ ಮಾತಾಡ್ತೀನಿ. ಅವರಿಗಿದು ಗೊತ್ತಿಲ್ಲಮ್ಮ. ಗೊತ್ತಾದ್ರೆ ಆಮೇಲೆ ಕಣ್ಣು ಮುಚ್ಚಲ್ಲ ಅವರು. ಅಂಥ ಮನುಷ್ಯ. ನಿನ್ನ ಹೊಟ್ಟೇಲೇ ಇರಲಿ."

"ನಾನ್ಯಾಕೆ ಹೇಳ್ಲಿ ಆಂಟಿ" ಎಂದಳು. ಆ ಕ್ಷಣ ಅದು ಸುಳ್ಳಾಗಿರಲಿಲ್ಲ.

ಮಧ್ಯಾಹ್ನದವರೆಗೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ದೋಣಿಯಲ್ಲಿ ಗಂಡ ಎದುರಿಗೆ ಕೂತಿದ್ದ. ಕಿತ್ತಳೆ, ಫ್ಲಾಸ್ಕು ಎಲ್ಲ ಹಳತಾಗಿತ್ತು. ಎರಡು ಫೋಟೋ ತೆಗೆದ ಮೇಲೆ ಅವನಿಗೆ ಮಾಡಲು ಕೆಲಸವಿರಲಿಲ್ಲ. ಮೆಲ್ಲಗೆ ಫೋನು ಹೊರಬಂತು. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮತ್ತೆ ಅದೇ ಮೊದಲ ದಿನದ ಮೌನ, ಕಾಲಡಿಗೆ ನೀರು ನುಗ್ಗಿದಂತೆ. ಇನ್ನು ಮೂವತ್ತು ವರ್ಷ, ನಲವತ್ತು ವರ್ಷ ಹೀಗೇ ಎಂದು ಒಮ್ಮೆ ಲೆಕ್ಕ ಹಾಕಿದಳು. 

"ಇವತ್ತು ಹೊಸದೇನೂ ಇಲ್ವಾ?" ಎಂದ ಅವನು, ತಲೆಯೆತ್ತದೆ.

"ಒಂದಿದೆ. ಆದ್ರೆ ಯಾರಿಗೂ ಹೇಳಬಾರದು."

ಫೋನು ಜೇಬಿಗೆ ಹೋಯಿತು. ಅವನು ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ದೋಣಿ ಆ ಕಡೆ ವಾಲಿತು. ಅವಳು ಹೇಳಿದಳು. ಬರೀ ಹೇಳಲಿಲ್ಲ, ಆಕೆಯ ದನಿಯಲ್ಲೇ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತಲೇ ಅವಳ ಹೆಗಲಿಗೆ ಹಣೆಯಿಟ್ಟ.

ನಾಲ್ಕನೆಯ ದಿನ ಸಮುದ್ರ ಕೆರಳಿತ್ತು. ಬೋಟು ಹೊರಡುವುದಿಲ್ಲವೆಂದರು. ಊಟದ ನಂತರ ಮೈಕಣ್ಣ ಹೋಟೆಲಿನ ಊಟದ ಹಾಲಿನಲ್ಲೇ ಕುರ್ಚಿಗಳನ್ನು ಗುಂಡಾಗಿ ಹಾಕಿಸಿ ಜೋಡಿಗಳ ಆಟ ಶುರುಮಾಡಿದ. ಕಣ್ಣು ಕಟ್ಟಿಕೊಂಡು ಹೆಂಡತಿಯ ಕೈ ಗುರುತಿಸುವುದು, ಗಂಡನಿಗೆ ಇಷ್ಟದ ಬಣ್ಣ ಹೇಳುವುದು. ಬೈಂಡರ್ ಐದು ಕೈಗಳಲ್ಲಿ ಹೆಂಡತಿಯ ಕೈಯನ್ನು ಮುಟ್ಟಿದ ತಕ್ಷಣ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಗಂಡ ಹಿಡಿದದ್ದು ಬೇರೆ ಯಾರದೋ ಕೈಯನ್ನು.

"ಕೊನೇ ಸುತ್ತು!" ಎಂದು ಮೈಕಣ್ಣ ಕಿರುಚಿದ. "ಈ ಬಸ್ಸಿನ ಇನ್ನೊಂದು ಜೋಡೀನ ನಕಲು ಮಾಡಿ ತೋರಿಸಬೇಕು! ಯಾರು ಬರ್ತೀರಿ?"

"ಮಾಡೋದಿದ್ರೆ ಇವಳೇ!" ನಾಲ್ಕಾರು ದನಿಗಳು ಒಟ್ಟಿಗೆ ಎದ್ದವು. ಗಂಡ ಅವಳ ಕೈ ಹಿಡಿದು ನಡುವೆ ಎಳೆದುಕೊಂಡು ಹೋದ. ಮೈಕಣ್ಣನನ್ನೇ ಮಾಡಿಬಿಡೋಣ, ಎಲ್ಲರೂ ನಗುತ್ತಾರೆ, ಯಾರಿಗೂ ನೋವಿಲ್ಲ ಎಂದುಕೊಂಡಳು. ಹಾಗೆಂದು ಹೇಳಲು ತಿರುಗುವಷ್ಟರಲ್ಲಿ ಗಂಡ ಮೂರು ಕುರ್ಚಿ ಜೋಡಿಸಿ ಅಡ್ಡ ಬಿದ್ದು ಗೊರಕೆ ಹೊಡೆಯತೊಡಗಿದ್ದ. ಇಡೀ ಹಾಲ್ ಆಗಲೇ ನಗುತ್ತಿತ್ತು.

"ಮೊದಲನೆಯವಳೇ..." ಎಂದು ಅವನು ನಿದ್ದೆಗಣ್ಣಿನಲ್ಲಿ ನರಳಿದ. "ಏ ಮೊದಲನೆಯವಳೇ..."

ಅವಳು ನಿಂತೇ ಇದ್ದಳು. ಅವನು ಒಂದು ಕಣ್ಣು ತೆರೆದು ಅವಳನ್ನು ನೋಡಿದ. ಮಾಡು, ನನ್ನನ್ನು ಹೀಗೆ ನಡುನೀರಲ್ಲಿ ಬಿಡಬೇಡ ಎನ್ನುವಂತಿತ್ತು ಆ ನೋಟ. ಹದಿಮೂರು ದಿನದಲ್ಲಿ ಅವನು ಅವಳಿಂದ ಏನನ್ನಾದರೂ ಬೇಡಿದ್ದು ಅದೊಂದೇ.

"ಹೂಂ ರೀ..." ಅವಳ ಗಂಟಲಿಂದ ಆ ತಿಳಿಯಾದ ದನಿ ಹೊರಟಿತು. "ಇಲ್ಲೇ ಇದೀನಿ. ಮೊದಲನೆಯವಳು ಎಂಗೇಜ್ ಇದಾರೆ. ಎರಡನೆಯವಳು ಲೈನಲ್ಲಿದೀನಿ. ಮಾತಾಡಿ."

ಇಡೀ ಹಾಲ್ ನಗುವಿನಿಂದ ಸಿಡಿಯಿತು. ಒಬ್ಬ ಕುರ್ಚಿಯಿಂದ ಜಾರಿ ಕೂತ. ಬೈಂಡರೂ ನಗುತ್ತಿದ್ದ, ಹುಡುಗರ ಆಟ ಅರ್ಥವಾಗದಿದ್ದರೂ ಜೊತೆಗೆ ನಗುವ ದೊಡ್ಡವರ ಹಾಗೆ, ಅಂಟಿನ ಬೆರಳುಗಳಿಂದ ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ಆ ನಗು ಮುಖದ ಮೇಲೇ ನಿಂತುಹೋಯಿತು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ನಾನು... ಹಂಗೆ ಕರೀತೀನಾ?"

"ಇಲ್ಲ ರೀ" ಎಂದಳು ಆಕೆ. "ಮಕ್ಕಳು, ತಮಾಷೆ ಮಾಡ್ತಿದಾರೆ."

ದನಿ ಒಂದಿಷ್ಟೂ ನಡುಗಲಿಲ್ಲ. ಆದರೆ ಆಕೆ ಹೇಳುವಾಗ ನೋಡಿದ್ದು ಗಂಡನನ್ನಲ್ಲ, ಹಾಲಿನ ನಡುವೆ ನಿಂತವಳನ್ನು. ಬೈಂಡರನ ಕಣ್ಣು ಆ ನೋಟದ ದಾರಿ ಹಿಡಿದು ಅವಳವರೆಗೆ ಬಂತು, ಮತ್ತೆ ಹೆಂಡತಿಯತ್ತ ಹೋಯಿತು.  ಚಪ್ಪಾಳೆಯ ನಡುವೆ ಮೈಕಣ್ಣ ಅವಳಿಗೂ ಅವಳ ಗಂಡನಿಗೂ 'ಅತ್ಯುತ್ತಮ ಜೋಡಿ' ಎಂದು ಬರೆದ ಎರಡು ಕೆಂಪು ಟೋಪಿ ಹಾಕಿದ.

ಮರುದಿನ ಬೆಳಿಗ್ಗೆ ಅವಳು ತಿಂಡಿಗೆಂದು ಇಳಿದು ಬಂದಾಗ ಕೌಂಟರಿನ ಬಳಿ ಬೈಂಡರ್ ನಿಂತಿದ್ದ. ಕಣ್ಣುಗಳು ಕೆಂಡದಂತಿದ್ದವು, ಗಡ್ಡ ಹೆರೆದಿರಲಿಲ್ಲ.

"ಮುಂದಿನ ಹೋಟೆಲಲ್ಲಿ ನಮಗೆ ಎರಡು ರೂಮ್ ಆಗತ್ತಾ?" ಎಂದು ಮೈಕಣ್ಣನನ್ನು ಕೇಳುತ್ತಿದ್ದ. "ಬೇರೆ ಬೇರೆ. ಚಿಕ್ಕದಾದ್ರೂ ಪರವಾಗಿಲ್ಲ."

"ಎರಡಾ? ಏನ್ ಸಾರ್ ನೀವು!" ಮೈಕಣ್ಣ ನಕ್ಕ. "ಇದು ಜೋಡಿ ಟೂರು. ಒಂದು ಜೋಡಿಗೆ ಒಂದೇ ರೂಮು. ಜಗಳ ಆಡಿದ್ರೂ ಅದರೊಳಗೇ ಆಡ್ಕೋಬೇಕು."

"ಜಗಳ ಅಲ್ಲ" ಎಂದ ಬೈಂಡರ್.  "ಹಾಗಾದ್ರೆ ನಾವು ಮನೆಗೆ ಹೋಗ್ತೀವಿ ಬಿಡಿ. ಮನೇಲಿ ಅಂಗಡಿ ಕೋಣೆ ಇದೆ. ನಾನು ಅಲ್ಲಿ ಮಲಗಬಹುದು."

ತಿರುಗಿದಾಗ ಅವಳು ಎದುರಿಗಿದ್ದಳು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿದಳು. ಅವನು ಬೈಯಲಿಲ್ಲ.

"ನೀನು ಹೇಳಿದ್ದು ಒಳ್ಳೇದಾಯ್ತಮ್ಮ" ಎಂದ. "ಇಲ್ಲದಿದ್ರೆ ಅವಳು ನಂಗೆ ಹೇಳ್ತಾನೇ ಇರಲಿಲ್ಲ. ಎಷ್ಟು ದಿನ ಅಂತ ಆ ಶಿಕ್ಷೆ ಅವಳಿಗೆ?"

ಎರಡೂ ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ಟ್ಯಾಕ್ಸಿಯ ಕಡೆ ನಡೆದ. ಟೆಲಿಫೋನ್ ಹೆಂಗಸು ಬಾಗಿಲಲ್ಲಿ ಫ್ಲಾಸ್ಕು ಹಿಡಿದು ರಸ್ತೆ ನೋಡುತ್ತಾ ನಿಂತಿದ್ದಳು. ಅವಳು ಆಕೆಯ ಬಳಿಗೆ ಓಡಿದಳು.

"ಆಂಟಿ..."

ಆಕೆ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ, ಗುರುತೂ ಇರಲಿಲ್ಲ.

"ಹೇಳಿ" ಎಂದಳು, ಯಾರೋ ಅಪರಿಚಿತರು ಕರೆ ಮಾಡಿದಂತೆ. "ಯಾರು ಬೇಕಾಗಿತ್ತು?"

 ಆಕೆ ಒಂದು ಕ್ಷಣ ಕಾದು, ಇಳಿದು ಹೋಗಿ ಟ್ಯಾಕ್ಸಿಯಲ್ಲಿ ಕೂತಳು. ಬೈಂಡರ್ ಮುಂದೆ ಡ್ರೈವರನ ಪಕ್ಕದಲ್ಲಿ ಕೂತ, ಆಕೆ ಹಿಂದೆ.

ಬಸ್ಸು ಹೊರಡುವ ಮೊದಲು ಅವಳು ಕೈ ತೊಳೆಯಲು ಹೋದಳು. ಕನ್ನಡಿಯೆದುರು ಮೂವರು ಹೊಸ ಹೆಂಡತಿಯರು ತಲೆಗೆ ತಲೆ ಕೊಟ್ಟು ಏನೋ ಮಾತಾಡಿಕೊಳ್ಳುತ್ತಿದ್ದರು; ನಿನ್ನೆ ಎಲ್ಲರಿಗಿಂತ ಜೋರಾಗಿ ನಕ್ಕವರು. ಅವಳು ಒಳಗೆ ಕಾಲಿಟ್ಟೊಡನೆ ಮಾತು ಕತ್ತರಿಸಿದಂತೆ ನಿಂತಿತು. ಒಬ್ಬಳು ನಲ್ಲಿ ಬಿಟ್ಟಳು, ಇನ್ನೊಬ್ಬಳು ಪಿನ್ನು ಹುಡುಕಿದಳು. "ಬೇಗ ಬನ್ನಿ, ಬಸ್ ಹೊರಡತ್ತೆ" ಎಂದು ನಗುನಗುತ್ತಲೇ ಹೇಳಿ, ಮೂವರೂ ಹೊರಗೆ ಹೋದರು.

ಬಸ್ಸಿನಲ್ಲಿ ಗಂಡ ಖಾಲಿಯಾದ ಮುಂದಿನ ಸೀಟಿನ ಮೇಲೆ ತಮ್ಮ ಬ್ಯಾಗುಗಳನ್ನಿಟ್ಟು ಕಾಲು ಚಾಚಿಕೊಂಡ. ಕೆಂಪು ಟೋಪಿ ಇನ್ನೂ ತಲೆಯ ಮೇಲಿತ್ತು. ಅರ್ಧ ಗಂಟೆ ಕಿಟಕಿಯಾಚೆ ನೋಡಿದ. ಆಮೇಲೆ ಕೈ ಜೇಬಿನ ಕಡೆ ಹೋಯಿತು, ಫೋನು ಅರ್ಧ ಹೊರಬಂತು. ಅವಳು ಅದನ್ನೇ ನೋಡುತ್ತಿದ್ದಳು.

"ಹೋಗ್ತಾ ಏನಂದ್ಲು ಆ ಮುದುಕಿ?" ಎಂದ. "ನೀನು ಹಿಂದೆ ಓಡಿದ್ಯಲ್ಲ."

"ಏನಿಲ್ಲ."

"ಹೇಳೇ."

ಅವಳು ಬೆನ್ನು ನೆಟ್ಟಗೆ ಮಾಡಿ, ಗದ್ದ ತುಸು ಮೇಲೆತ್ತಿ, ಕಣ್ಣುಗಳನ್ನು ಖಾಲಿ ಮಾಡಿಕೊಂಡಳು.

"ಹೇಳಿ. ಯಾರು ಬೇಕಾಗಿತ್ತು?"

ಗಂಡ ತೊಡೆ ತಟ್ಟಿಕೊಂಡು ನಕ್ಕ. ಆ ನಗು ಬಸ್ಸಿನ ಮುಂಭಾಗದವರೆಗೂ ಹೋಯಿತು. ಸೀಟುಗಳ ಮೇಲೆ ಸಾಲಾಗಿ ಕಾಣುತ್ತಿದ್ದ ತಲೆಗಳಲ್ಲಿ ಒಂದೂ ಹಿಂದೆ ತಿರುಗಲಿಲ್ಲ.

"ಇನ್ನೊಂದ್ಸಲ" ಎಂದ ಅವನು.

ಮಾಡಿದಳು.